ತಪ್ಪು ಒಬ್ಬನದು, ದಂಡ ಯಾರಿಗೆ?

2017ರ ಅಕ್ಟೋಬರ್ ಮೊದಲ ವಾರ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಕ್ಯಾಸಲ್‌ಫರ್ಡ್ ಎಂಬ ಸಣ್ಣ ಊರಿನ ರಗ್ಬಿ ಲೀಗ್ ಕ್ಲಬ್ಬು ಮೊದಲ ಬಾರಿಗೆ ಸೂಪರ್ ಲೀಗ್ ಗ್ರ್ಯಾಂಡ್ ಫೈನಲ್ ತಲುಪಿತ್ತು. ಊರಿಗೆ ಊರೇ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ಗೆ ಹೊರಡಲು ಟಿಕೆಟ್ ಕೊಂಡು ಕುಳಿತಿತ್ತು. ಪಂದ್ಯಕ್ಕೆ ಎರಡೇ ದಿನ ಇರುವಾಗ ಕ್ಲಬ್ಬಿನಿಂದ ಪ್ರಕಟಣೆ ಬಂತು: ಫುಲ್‌ಬ್ಯಾಕ್ ಝ್ಯಾಕ್ ಹಾರ್ಡೇಕರ್ ಕ್ಲಬ್ಬಿನ ನಿಯಮ ಮುರಿದಿದ್ದಾರೆ, ಫೈನಲ್ ಆಡುವುದಿಲ್ಲ. ಏನು ನಿಯಮ, ಏನು ಮುರಿದರು ಎಂದು ಅಂದು ಹೇಳಲಿಲ್ಲ. ಫೈನಲ್ ಮುಗಿದ ಮೇಲೆ ಗೊತ್ತಾಯಿತು. ಸೆಪ್ಟೆಂಬರ್ 8ರ ಪಂದ್ಯದ ನಂತರ ನಡೆದ ಪರೀಕ್ಷೆಯಲ್ಲಿ ಅವರ ಮಾದರಿಯಲ್ಲಿ ಕೊಕೇನ್ ಪತ್ತೆಯಾಗಿತ್ತು.

ಕ್ಯಾಸಲ್‌ಫರ್ಡ್ ಆ ಫೈನಲ್ ಅನ್ನು ಲೀಡ್ಸ್ ವಿರುದ್ಧ 24–6ರಿಂದ ಸೋತಿತು.

ಇದು ನಮಗೆ ಸಂಬಂಧವಿಲ್ಲದ ದೇಶದ, ನಮ್ಮಲ್ಲಿ ಯಾರೂ ಆಡದ ಆಟದ ಕಥೆ. ಆದರೂ ಇದನ್ನು ಈ ಪುಟದಲ್ಲಿ ಬರೆಯಲು ಕಾರಣವಿದೆ. ದೊಡ್ಡಮ್ಮನ ಮಗ ಲೀಡ್ಸ್‌ನಲ್ಲಿ ಎಂ.ಎಸ್ಸಿ ಮಾಡಿ ಅಲ್ಲೇ ಕೆಲಸಕ್ಕೆ ಸೇರಿದ್ದಾನೆ. ಓದುವಾಗ ಖರ್ಚಿಗೆಂದು ಗೋದಾಮಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದ. ಜೊತೆಗಿದ್ದವರಲ್ಲಿ ಅರ್ಧ ಜನ ಕ್ಯಾಸಲ್‌ಫರ್ಡ್ ಅಭಿಮಾನಿಗಳು, ಉಳಿದರ್ಧ ಲೀಡ್ಸ್‌ನವರು. ಟೀ ವಿರಾಮದಲ್ಲಿ ಅವರಿಗೆ ಬೇರೆ ಮಾತೇ ಇರಲಿಲ್ಲವಂತೆ. ಯಾರನ್ನು ಸೇರಿಸಿಕೊಂಡದ್ದು ಸರಿ, ಯಾರನ್ನು ಬಿಟ್ಟದ್ದು ತಪ್ಪು, ಕುಡಿದು ಗಲಾಟೆ ಮಾಡಿದವನನ್ನು ಇಟ್ಟುಕೊಳ್ಳಬೇಕೋ ಓಡಿಸಬೇಕೋ. ಅಣ್ಣ ನನಗೂ ಆ ಹುಚ್ಚು ಹಿಡಿಸಿದ. ಹಾಸ್ಟೆಲ್‌ನಲ್ಲಿ ಎಲ್ಲರೂ ಐಪಿಎಲ್ ಹರಾಜಿನ ಲೆಕ್ಕ ಹಾಕುವಾಗ ನಾನು ರಗ್ಬಿ ಲೀಗ್‌ನ ಹೈಲೈಟ್ಸ್ ನೋಡುತ್ತಾ ರೂಮ್‌ಮೇಟ್‌ಗಳಿಂದ ಬೈಸಿಕೊಳ್ಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಲಿಂಪಿಕ್ಸ್‌ನಲ್ಲಿ ನೋಡುವ ರಗ್ಬಿ ಬೇರೆ, ರಗ್ಬಿ ಲೀಗ್ ಬೇರೆ. ಇಲ್ಲಿ ಒಂದು ತಂಡದಲ್ಲಿ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದರೆ ಒಂದು ಟ್ಯಾಕಲ್, ಅಂಥ ಆರು ಟ್ಯಾಕಲ್ ಆಗುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿ ನೋಡಿದವರಿಗೆ ಅರ್ಥವಾಗಲು ಹತ್ತು ನಿಮಿಷ ಸಾಕು. ಒಬ್ಬ ನುಗ್ಗುತ್ತಾನೆ, ಮೂವರು ಹಿಡಿಯುತ್ತಾರೆ.

ಈ ಆಟ ಹುಟ್ಟಿದ್ದೇ ಒಂದು ಹಣದ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಣಿ ಕಾರ್ಮಿಕರು, ಗಿರಣಿ ಕಾರ್ಮಿಕರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯನ್ನು ಕ್ಲಬ್ಬು ಕೊಡಲಿ ಎಂದರೆ, ಆಟಕ್ಕೆ ದುಡ್ಡು ಮುಟ್ಟಬಾರದು ಎಂದು ದಕ್ಷಿಣದ ಸಾಹುಕಾರರ ಸಂಘ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಹಾಗಾಗಿ ಈ ಆಟದ ಅಭಿಮಾನಿಗೆ ಆಟಗಾರ ಎಂದರೆ ಮೊದಲು ಕೆಲಸಗಾರ. ಕೆಲಸಕ್ಕೆ ತೆಗೆದುಕೊಳ್ಳುವುದು, ಕೆಲಸದಿಂದ ತೆಗೆಯುವುದು ಎಂಬ ಮಾತು ಅಲ್ಲಿ ಇಷ್ಟು ಬಿಸಿಯಾಗುವುದು ಅದಕ್ಕೇ ಇರಬೇಕು.

ಕ್ಯಾಸಲ್‌ಫರ್ಡ್ ಕೂಡ ಕಲ್ಲಿದ್ದಲಿನ ಊರು. ವೆಲ್ಡೇಲ್ ಗಣಿ 1987ರಲ್ಲಿ ಮುಚ್ಚಿತು, ಪಕ್ಕದ ಗ್ಲಾಸ್‌ಹೌಟನ್ ಅದಕ್ಕೂ ಮೊದಲು. ನಮ್ಮ ಕೋಲಾರದ ಕೆಜಿಎಫ್‌ಗೆ 2001ರಲ್ಲಿ ಆದದ್ದನ್ನು ನೆನಪಿಸಿಕೊಂಡರೆ ಆ ಊರಿನ ಸ್ಥಿತಿ ಅರ್ಥವಾಗುತ್ತದೆ. ಗಣಿ ಹೋದ ಮೇಲೆ ಊರಿಗೆ ತನ್ನದೆಂದು ಉಳಿದದ್ದರಲ್ಲಿ ಈ ಕ್ಲಬ್ಬು ಮುಖ್ಯ. 1926ರಿಂದ ಲೀಗ್‌ನಲ್ಲಿ ಆಡುತ್ತಿದ್ದರೂ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಅದಕ್ಕೆ ಸಿಕ್ಕಿದ್ದು 2017ರಲ್ಲೇ. ಆ ವರ್ಷ 50 ಅಂಕ, ಎರಡನೇ ಸ್ಥಾನದ ಲೀಡ್ಸ್‌ಗೆ 40. ಸೆಮಿಫೈನಲ್‌ನಲ್ಲಿ ಲ್ಯೂಕ್ ಗೇಲ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಹೆಚ್ಚುವರಿ ಸಮಯದಲ್ಲಿ ಡ್ರಾಪ್ ಗೋಲ್ ಹೊಡೆದು 23–22ರಿಂದ ಗೆಲ್ಲಿಸಿದರು. ಈ ಪಂದ್ಯದ ಕೊನೆಯ ಹತ್ತು ನಿಮಿಷ ಸಿಕ್ಕರೆ ನೋಡಿ, ಇಂಟರ್ನಲ್ಸ್ ಹಿಂದಿನ ದಿನವಾದರೂ ಪರವಾಗಿಲ್ಲ.

ಇಂಥ ವರ್ಷದ ಕೊನೆಗೆ ಹಾಗಾಯಿತು. ಅಭಿಮಾನಿಗಳ ಜಗಳ ಅಂದಿನಿಂದ ನಿಂತಿಲ್ಲ. ಅಣ್ಣ ಹೇಳುವ ಪ್ರಕಾರ ಅದರಲ್ಲಿ ಎರಡು ಜಗಳಗಳಿವೆ, ಎರಡನ್ನೂ ಜನ ಒಂದೇ ಎಂದುಕೊಂಡು ಕೂಗಾಡುತ್ತಾರೆ. ಒಂದು, ಅವರನ್ನು ಸೇರಿಸಿಕೊಂಡದ್ದೇ ತಪ್ಪಾ? ಇನ್ನೊಂದು, ತೆಗೆದುಹಾಕಿದ್ದು ತಪ್ಪಾ?

ಮೊದಲನೆಯದು. ಹಾರ್ಡೇಕರ್ ಸಾಮಾನ್ಯ ಆಟಗಾರರಲ್ಲ. 2015ರಲ್ಲಿ ಲೀಡ್ಸ್ ಪರ ಆಡಿ ಸೂಪರ್ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ 'ಮ್ಯಾನ್ ಆಫ್ ಸ್ಟೀಲ್' ಪ್ರಶಸ್ತಿ ಗೆದ್ದವರು. ಜೊತೆಗೆ 2014ರಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಬೈಗುಳಕ್ಕೆ ಐದು ಪಂದ್ಯ ನಿಷೇಧ ಅನುಭವಿಸಿದವರು. ಲೀಡ್ಸ್‌ನಲ್ಲಿ ಹೊಂದಾಣಿಕೆಯಾಗದೆ ಆಸ್ಟ್ರೇಲಿಯಾಕ್ಕೆ ಹೋಗಿ ಬಂದರು. 2017ರ ಆರಂಭದಲ್ಲಿ ಕ್ಯಾಸಲ್‌ಫರ್ಡ್ ಅವರನ್ನು ಮೊದಲು ಎರವಲಾಗಿ ತಂದು, ಆಮೇಲೆ ಖಾಯಂ ಮಾಡಿಕೊಂಡಿತು. 'ಚರಿತ್ರೆ ಗೊತ್ತಿದ್ದೂ ತಂದಿರಿ, ಅನುಭವಿಸಿ' ಎಂಬುದು ಒಂದು ಗುಂಪಿನ ಮಾತು.

ನನಗೆ ಈ ಮಾತು ಒಪ್ಪಿಗೆಯಿಲ್ಲ. ಸೂಪರ್ ಲೀಗ್‌ನಲ್ಲಿ ಒಂದು ಕ್ಲಬ್ಬು ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ ಇದೆ. 2020ರಲ್ಲಿ ಅದು 21 ಲಕ್ಷ ಪೌಂಡ್ ಆಗಿತ್ತು, ಅದಕ್ಕೂ ಹಿಂದೆ ಇನ್ನೂ ಕಡಿಮೆ. ಆ ಮಿತಿ ಮುಟ್ಟುವುದೇ ಎಷ್ಟೋ ಸಣ್ಣ ಕ್ಲಬ್ಬಿಗೆ ಕಷ್ಟ. ಅಂಥ ಕ್ಲಬ್ಬಿಗೆ ನಂಬರ್ ಒನ್ ಆಟಗಾರ ಯಾವಾಗ ಸಿಗುತ್ತಾನೆ ಹೇಳಿ? ದೊಡ್ಡ ಕ್ಲಬ್ಬಿಗೆ ಅವನ ಬಗ್ಗೆ ಬೇಸರ ಬಂದಾಗ ಮಾತ್ರ. ನಮ್ಮಲ್ಲಿ ದೊಡ್ಡ ಕಂಪೆನಿಗಳು ಬ್ಯಾಕ್‌ಲಾಗ್ ಇದೆ ಎಂದು ಒಳಗೇ ಬಿಡದ ಹುಡುಗರನ್ನು ಸಣ್ಣ ಸ್ಟಾರ್ಟಪ್‌ಗಳು ಕೋಡಿಂಗ್ ನೋಡಿ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಅದು ಮೂರ್ಖತನವಲ್ಲ, ಅದೊಂದೇ ದಾರಿ. ಹಾರ್ಡೇಕರ್ ಹುಟ್ಟಿದ್ದು ಪಕ್ಕದ ಪಾಂಟಿಫ್ರ್ಯಾಕ್ಟ್‌ನಲ್ಲಿ, ಅಂದರೆ ನೆರೆಮನೆಯ ಹುಡುಗ. ಆ ವರ್ಷ ಅವರು ಆಡಿದ ಆಟ ನೋಡಿದವರು ಯಾರೂ ತಂದದ್ದು ತಪ್ಪು ಎಂದು ಸೆಪ್ಟೆಂಬರ್ ತನಕ ಹೇಳಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಫಲಿತಾಂಶ ನೋಡಿಕೊಂಡು ಆಯ್ಕೆಯನ್ನು ಬೈಯುವುದು ಸುಲಭ.

ಎರಡನೆಯ ಜಗಳ ಕಷ್ಟದ್ದು. ಕ್ಲಬ್ಬು 2018ರ ಫೆಬ್ರುವರಿಯಲ್ಲಿ ಹಾರ್ಡೇಕರ್ ಅವರ ಒಪ್ಪಂದ ರದ್ದು ಮಾಡಿತು. ಬ್ರಿಟನ್ನಿನ ಉದ್ದೀಪನ ಮದ್ದು ತಡೆ ಸಂಸ್ಥೆ ಅವರಿಗೆ 14 ತಿಂಗಳ ನಿಷೇಧ ಹಾಕಿತು. ಕೊಕೇನ್ ಓಟದ ವೇಗ ಹೆಚ್ಚಿಸಿಕೊಳ್ಳಲು ತೆಗೆದುಕೊಂಡದ್ದಲ್ಲ, ಅದು ಬೇರೆಯದೇ ಸಮಸ್ಯೆ, ಚಿಕಿತ್ಸೆ ಕೊಡಿಸಿ ಉಳಿಸಿಕೊಳ್ಳಬೇಕಿತ್ತು ಎಂದು ಕೆಲವರು. ಊರಿನ ಮಕ್ಕಳು ಅವರ ಹೆಸರಿನ ಅಂಗಿ ಹಾಕಿಕೊಂಡು ಓಡಾಡುತ್ತಾರೆ, ಇಟ್ಟುಕೊಂಡಿದ್ದರೆ ಯಾವ ಮುಖ ಇಟ್ಟುಕೊಂಡು ಮಾತಾಡುವುದು ಎಂದು ಇನ್ನು ಕೆಲವರು.

ನಾನು ಎರಡನೆಯವರ ಕಡೆ. ಒಪ್ಪಂದ ಎಂದ ಮೇಲೆ ಒಪ್ಪಂದ. ಆದರೆ ನನ್ನ ತಲೆ ತಿನ್ನುವುದು ಅದಲ್ಲ, ಆಮೇಲೆ ಆದದ್ದು. ಅದೇ 2018ರಲ್ಲಿ ವಿಗನ್ ವಾರಿಯರ್ಸ್ ಹಾರ್ಡೇಕರ್ ಅವರನ್ನು ಸೇರಿಸಿಕೊಂಡಿತು. ವಿಗನ್ ಎಂದರೆ ಈ ಆಟದ ಅತಿ ದೊಡ್ಡ, ಅತಿ ಹೆಚ್ಚು ಗೆದ್ದ ಕ್ಲಬ್ಬುಗಳಲ್ಲಿ ಒಂದು. ಕ್ಯಾಸಲ್‌ಫರ್ಡ್ ಒಪ್ಪಂದ ಹರಿದು ಹಾಕಿದ್ದರಿಂದ ವಿಗನ್ ಅವರಿಗೆ ವರ್ಗಾವಣೆ ಹಣವೆಂದು ಏನೂ ಕೊಡಬೇಕಿರಲಿಲ್ಲ. ನಿಷೇಧ ಮುಗಿಯುವ ಮೊದಲೇ ಹಾರ್ಡೇಕರ್ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ವಿಗನ್ ಕೈಬಿಡಲಿಲ್ಲ. 2019ರಿಂದ ಅಲ್ಲಿ ಆಡಿದರು, ಆಮೇಲೆ ಮತ್ತೆ ಲೀಡ್ಸ್‌ಗೆ, ಅಲ್ಲಿಂದ ಲೀ ಕ್ಲಬ್ಬಿಗೆ. 2023ರಲ್ಲಿ ಲೀ ತಂಡ ವೆಂಬ್ಲಿಯಲ್ಲಿ 17–16ರಿಂದ ಚಾಲೆಂಜ್ ಕಪ್ ಗೆದ್ದಾಗ ಅವರು ಆ ತಂಡದಲ್ಲಿದ್ದರು.

ಅವರು ಮತ್ತೆ ಎದ್ದು ನಿಂತದ್ದು ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ. ಇಪ್ಪತ್ತೈದು, ಇಪ್ಪತ್ತಾರನೇ ವಯಸ್ಸಿನ ತಪ್ಪಿಗೆ ಜೀವನಪೂರ್ತಿ ಬಾಗಿಲು ಮುಚ್ಚಬಾರದು. ಆದರೆ ಲೆಕ್ಕ ಹಾಕಿ ನೋಡಿ. ತಪ್ಪು ಮಾಡಿದವರು 14 ತಿಂಗಳು ಕಳೆದುಕೊಂಡು ವಾಪಸ್ ಬಂದರು. ದೊಡ್ಡ ಕ್ಲಬ್ಬಿಗೆ ಅಂತರರಾಷ್ಟ್ರೀಯ ಮಟ್ಟದ ಆಟಗಾರ ಬಿಟ್ಟಿಯಾಗಿ ಸಿಕ್ಕ. ಶಿಸ್ತು ಪಾಲಿಸಿದ ಸಣ್ಣ ಕ್ಲಬ್ಬಿಗೆ? ಫೈನಲ್ ಹೋಯಿತು, ಆಟಗಾರ ಹೋದ, ಅವನನ್ನು ಖಾಯಂ ಮಾಡಿಕೊಳ್ಳಲು ಹಾಕಿದ ದುಡ್ಡು ಹೋಯಿತು. ಮುಂದಿನ ಸಲ ಇಂಥದೇ ಸಂದರ್ಭ ಬಂದರೆ ಆ ಕ್ಲಬ್ಬಿನ ಆಡಳಿತದವರು ಏನು ಯೋಚಿಸುತ್ತಾರೆ? ನಾವು ತೆಗೆದರೆ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಸುಮ್ಮನಿರೋಣ ಎಂದೇ ತಾನೆ. ಅಭಿಮಾನಿಗಳು 'ನಮ್ಮ ಕ್ಲಬ್ಬಿಗೆ ಶಿಸ್ತಿಲ್ಲ' ಎಂದು ಬೈಯುತ್ತಾರೆ, ಸರಿ. ಶಿಸ್ತು ತೋರಿಸಿದವರಿಗೇ ನಷ್ಟವಾಗುವ ವ್ಯವಸ್ಥೆ ಇಟ್ಟುಕೊಂಡು ಶಿಸ್ತು ಎಲ್ಲಿಂದ ಬರಬೇಕು?

ಆಸ್ಟ್ರೇಲಿಯಾದಲ್ಲಿ ಇದೇ ಆಟ ಇನ್ನೂ ದೊಡ್ಡದು. ಅಲ್ಲಿಯ ಲೀಗ್ ಎನ್‌ಆರ್‌ಎಲ್‌ನಲ್ಲಿ ಬೆಲೆ ತೆತ್ತವರ ಪಟ್ಟಿ ಇನ್ನೂ ವಿಚಿತ್ರ. ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ಬಿನ ಆಡಳಿತ ವರ್ಷಗಟ್ಟಲೆ ಎರಡು ಲೆಕ್ಕಪುಸ್ತಕ ಇಟ್ಟುಕೊಂಡು, ಸಂಬಳದ ಮಿತಿ ಮೀರಿ ಆಟಗಾರರನ್ನು ಉಳಿಸಿಕೊಂಡಿತ್ತು. 2010ರ ಏಪ್ರಿಲ್‌ನಲ್ಲಿ ಅದು ಬಯಲಾಯಿತು. ಲೀಗ್ 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಂಡಿತು, ಸುಮಾರು 17 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು, ಆ ವರ್ಷ ಉಳಿದ ಎಲ್ಲ ಪಂದ್ಯಗಳಿಗೂ ಅಂಕ ಸೊನ್ನೆ ಎಂದಿತು. ಗೆದ್ದರೂ ಸೊನ್ನೆ, ಸೋತರೂ ಸೊನ್ನೆ. ಆ ತಂಡ ಅಷ್ಟಾದರೂ ಆ ವರ್ಷ 14 ಪಂದ್ಯ ಗೆದ್ದಿತು, ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ವರ್ಷದ ಕೊನೆಗೆ ಸಂಬಳದ ಲೆಕ್ಕ ಸರಿಮಾಡಲು ಗ್ರೆಗ್ ಇಂಗ್ಲಿಸ್‌ನಂಥ ಆಟಗಾರರು ಬೇರೆ ಕ್ಲಬ್ಬಿಗೆ ಹೋಗಬೇಕಾಯಿತು. ಪುಸ್ತಕ ತಿದ್ದಿದ್ದು ಎ.ಸಿ. ಕೋಣೆಯಲ್ಲಿ ಕೂತವರು. ಮಳೆಯಲ್ಲಿ ಟಿಕೆಟ್ ಕೊಂಡು ಸೊನ್ನೆ ಅಂಕದ ಪಂದ್ಯ ನೋಡಿದವರು ಅಭಿಮಾನಿಗಳು.

ಆದರೂ ಈ ಶಿಕ್ಷೆ ಸರಿ ಎನ್ನುತ್ತೇನೆ. 2002ರಲ್ಲಿ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಇದೇ ತಪ್ಪಿಗೆ 37 ಅಂಕ ಕಳೆದುಕೊಂಡು ಮೊದಲ ಸ್ಥಾನದಿಂದ ಕೊನೆಗೆ ಬಿದ್ದಿತ್ತು. ಅದು ಕಣ್ಣೆದುರು ಇದ್ದೂ ಮೆಲ್ಬರ್ನ್‌ನವರು ಮಾಡಿದರು. ಮೋಸದಿಂದ ಕಟ್ಟಿದ ತಂಡ ಸೋಲಿಸಿದ್ದು ನೇರವಾಗಿ ಆಡಿದ ಇನ್ನೊಂದು ತಂಡವನ್ನು. ಅವರ ಅಭಿಮಾನಿಗೂ ಕಣ್ಣೀರು ಬರುತ್ತದಲ್ಲ. ನಮ್ಮ ಆರ್‌ಸಿಬಿಯವರು ಹದಿನೆಂಟು ವರ್ಷ ಕಾದು 2025ರಲ್ಲಿ ಕಪ್ ಗೆದ್ದರು. ಆ ಹದಿನೆಂಟರಲ್ಲಿ ಯಾವುದೋ ಒಂದು ಫೈನಲ್ ಅನ್ನು ಎದುರಾಳಿ ಹೀಗೆ ಎರಡು ಪುಸ್ತಕ ಇಟ್ಟುಕೊಂಡು ಗೆದ್ದಿದ್ದರು ಎಂದು ಇವತ್ತು ಗೊತ್ತಾದರೆ ನಮ್ಮ ಹಾಸ್ಟೆಲ್ಲಿನ ಕಿಟಕಿ ಗಾಜು ಉಳಿಯುತ್ತಿರಲಿಲ್ಲ.

ಇನ್ನೊಂದು ಕ್ಲಬ್ಬು ಸೇಂಟ್ ಜಾರ್ಜ್ ಇಲವಾರಾ ಡ್ರ್ಯಾಗನ್ಸ್. ಶಿಸ್ತಿನ ಎರಡು ದೊಡ್ಡ ಪಾಠ ಒಂದೇ ಕ್ಲಬ್ಬಿನಲ್ಲಿ ನಡೆದವು. ಅದರ ಆಟಗಾರ ಜ್ಯಾಕ್ ಡಿ ಬೆಲಿನ್ ಮೇಲೆ ಲೈಂಗಿಕ ದೌರ್ಜನ್ಯದ ಗಂಭೀರ ಆರೋಪ ಬಂತು. ಅವರು ನಿರಾಕರಿಸಿದರು. ಆಗ, 2019ರ ಆರಂಭದಲ್ಲಿ, ಆಟದ ಆಡಳಿತ ಒಂದು ಹೊಸ ನಿಯಮ ತಂದಿತು: 11 ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾಗಬಹುದಾದ ಆರೋಪ ಎದುರಿಸುವ ಆಟಗಾರ ತೀರ್ಪು ಬರುವ ತನಕ ಆಡುವಂತಿಲ್ಲ. ಸಂಬಳ ಪೂರ್ತಿ ಸಿಗುತ್ತದೆ, ಅಭ್ಯಾಸಕ್ಕೂ ಬರಬಹುದು, ಮೈದಾನಕ್ಕೆ ಮಾತ್ರ ಇಳಿಯುವಂತಿಲ್ಲ. ಡಿ ಬೆಲಿನ್ ಫೆಡರಲ್ ಕೋರ್ಟಿಗೆ ಹೋಗಿ ಸೋತರು. ಪ್ರಕರಣದಲ್ಲಿ ಎರಡು ಸಲವೂ ಜ್ಯೂರಿಗಳಿಗೆ ಒಮ್ಮತದ ತೀರ್ಮಾನಕ್ಕೆ ಬರಲಾಗಲಿಲ್ಲ. 2021ರ ಮೇ ತಿಂಗಳಲ್ಲಿ ಆರೋಪ ಕೈಬಿಡಲಾಯಿತು. ಅಷ್ಟರಲ್ಲಿ ಆಟಗಾರನ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದುಹೋಗಿತ್ತು.

ಈ ನಿಯಮದ ಬಗ್ಗೆ ಅಣ್ಣನಿಗೂ ನನಗೂ ಫೋನಿನಲ್ಲಿ ದೊಡ್ಡ ವಾದ ನಡೆಯಿತು. 'ಅಪರಾಧ ಸಾಬೀತಾಗದವನಿಗೆ ಶಿಕ್ಷೆ ಕೊಟ್ಟ ಹಾಗಾಯ್ತಲ್ಲೋ' ಎನ್ನುತ್ತಾನೆ ಅವನು. ನಾನು ನಿಯಮದ ಪರ. ಏಕೆಂದರೆ ಅದು ಸಂಬಳ ಕಿತ್ತುಕೊಳ್ಳುವುದಿಲ್ಲ ಮತ್ತು ಮುಖ ನೋಡುವುದಿಲ್ಲ. ನಿಯಮ ಇಲ್ಲದಿದ್ದರೆ ಏನಾಗುತ್ತದೆ? ಅವನು ತಂಡದ ಮುಖ್ಯ ಆಟಗಾರನಾದರೆ 'ಕಾನೂನು ತನ್ನ ಕೆಲಸ ಮಾಡಲಿ' ಎಂದು ಕ್ಲಬ್ಬು ಆಡಿಸುತ್ತದೆ. ಬೆಂಚಿನಲ್ಲಿ ಕೂರುವ ಹುಡುಗನಾದರೆ ಮರುದಿನವೇ ಬ್ಯಾಗು ಹಿಡಿದು ಮನೆಗೆ. ಆರೋಪ ಮಾಡಿದ ಹೆಣ್ಣುಮಗಳ ಮಾತಿನ ತೂಕ ಆರೋಪಿಯ ಟ್ಯಾಕಲ್ ಲೆಕ್ಕದ ಮೇಲೆ ನಿಲ್ಲಬೇಕಾಗುತ್ತದೆ. ಹಾಗಂತ ಅಣ್ಣನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸಿನ ಆಟಗಾರನಿಗೆ ಎರಡು ವರ್ಷ ಎಂದರೆ ಸಂಬಳ ಕೊಟ್ಟು ತುಂಬಿಸುವಂಥದ್ದಲ್ಲ. ಕೋರ್ಟುಗಳು ಬೇಗ ನಡೆಯಬೇಕು ಎಂಬುದಷ್ಟೇ ನನ್ನಲ್ಲಿರುವ ಉತ್ತರ, ಅದು ಸಣ್ಣ ಉತ್ತರ ಎಂದು ನನಗೂ ಗೊತ್ತು.

ಎರಡನೆಯ ಪಾಠ 2021ರ ಜುಲೈನದು. ಕೋವಿಡ್ ನಿರ್ಬಂಧ ಇದ್ದಾಗ ಅದೇ ಡ್ರ್ಯಾಗನ್ಸ್‌ನ ಪಾಲ್ ವಾನ್ ತಮ್ಮ ಮನೆಯಲ್ಲಿ ಪಾರ್ಟಿ ಇಟ್ಟರು. ಅವರೂ ಸೇರಿ 13 ಆಟಗಾರರು ಸಿಕ್ಕಿಬಿದ್ದರು. ಹೊರಬಂದು ತಿಂಗಳಷ್ಟೇ ಆಗಿದ್ದ ಡಿ ಬೆಲಿನ್ ಕೂಡ ಅಲ್ಲಿದ್ದರು ಎಂಬುದನ್ನು ಓದಿ ನಾನು ಹಣೆ ಚಚ್ಚಿಕೊಂಡೆ. ವಾನ್‌ಗೆ 50 ಸಾವಿರ ಡಾಲರ್ ದಂಡ, ಎಂಟು ಪಂದ್ಯ ನಿಷೇಧ, ಮೇಲೆ ಕ್ಲಬ್ಬಿನಿಂದ ಒಪ್ಪಂದವೇ ರದ್ದು. ಹಿಂದಿನ ವರ್ಷ ನಿಯಮ ಮೀರಿ ಕೆಫೆಗೆ ಹೋಗಿ ಸಿಕ್ಕಿಬಿದ್ದ ದಾಖಲೆ ಅವರಿಗಿತ್ತು, ಹಾಗಾಗಿ ಹೆಚ್ಚಿನ ಶಿಕ್ಷೆ. ಇದು ನ್ಯಾಯ. ಉಳಿದ 12 ಜನರಿಗೆ ದಂಡದ ಜೊತೆ ಒಂದೊಂದು ಪಂದ್ಯ ನಿಷೇಧ. ಆದರೆ ಒಮ್ಮೆಗೇ 12 ಜನ ಹೊರಗುಳಿದರೆ ತಂಡ ಕಟ್ಟಲಾಗುವುದಿಲ್ಲ ಎಂದು, ಒಬ್ಬೊಬ್ಬರು ಬೇರೆ ಬೇರೆ ವಾರ ಶಿಕ್ಷೆ ಅನುಭವಿಸಬಹುದು ಎಂದು ಅವಕಾಶ ಕೊಟ್ಟರು.

ಇದನ್ನು ಓದಿದಾಗ ನಗು ಬಂತು. ಕ್ಲಾಸಿಗೆ ಕ್ಲಾಸೇ ಬಂಕ್ ಮಾಡಿದಾಗ, ಲ್ಯಾಬ್ ಖಾಲಿಯಾಗಬಾರದು ಎಂದು ಐದೈದು ಜನರನ್ನು ಸರದಿಯಲ್ಲಿ ಹೊರಗೆ ನಿಲ್ಲಿಸಿದ ಹಾಗೆ! ಆದರೆ ಆ ಕ್ಲಬ್ಬಿನ ಮೀಸಲು ತಂಡದ ಹುಡುಗರನ್ನು ಯೋಚಿಸಿ. ಪಾರ್ಟಿಗೆ ಹೋಗದೆ ಮನೆಯಲ್ಲೇ ಇದ್ದವರು, ನಿಯಮ ಪಾಲಿಸಿದವರು. ಹಿರಿಯರು ಒಟ್ಟಿಗೆ ಹೊರಗಾಗಿದ್ದರೆ ಅವರಲ್ಲಿ ಎಷ್ಟೋ ಜನರಿಗೆ ಮೊದಲ ಪಂದ್ಯ ಆಡುವ ಅವಕಾಶ ಸಿಗುತ್ತಿತ್ತು. ತಂಡ ಸೋಲುತ್ತಿತ್ತು, ನಿಜ. ಸೋಲಲಿ, ಅಂದರೆ ದಂಡ ಕ್ಲಬ್ಬಿಗೂ ತಟ್ಟುತ್ತಿತ್ತು. ವಾನ್ ಅವರನ್ನು ಮುಂದಿನ ವರ್ಷ ಬುಲ್‌ಡಾಗ್ಸ್ ಸೇರಿಸಿಕೊಂಡಿತು.

ನಮ್ಮಲ್ಲೂ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. 2019ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿನ ವಿವಾದದಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಅವರನ್ನು ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕಳಿಸಿದರು. ಕೆಲವೇ ದಿನಕ್ಕೆ ಅಮಾನತು ತೆರವಾಯಿತು. ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ, 10 ಲಕ್ಷ ಅಂಧರ ಕ್ರಿಕೆಟ್‌ಗೆ. ಈ ಶಿಕ್ಷೆಯಲ್ಲಿ ನನಗೆ ಇಷ್ಟವಾದದ್ದು ಒಂದೇ ಅಂಶ. ಹಣ ಹೋದದ್ದು ಮಾತಾಡಿದವರ ಜೇಬಿನಿಂದ.

ಈಗ ನಮ್ಮ ಕಾಲೇಜಿನ ವಿಷಯ. ಹೆಸರು ಬೇಡ. ನಮ್ಮಲ್ಲಿ ಪರೀಕ್ಷೆಗೆ ಕೂರಲು ಶೇ 85 ಹಾಜರಾತಿ ಬೇಕು. ಕಳೆದ ವರ್ಷ ಕಬಡ್ಡಿ ತಂಡದ ಇಬ್ಬರಿಗೆ ಹಾಜರಾತಿ ಸಾಲಲಿಲ್ಲ. ಒಬ್ಬ ತಂಡದ ಮುಖ್ಯ ರೈಡರ್. ವಲಯ ಮಟ್ಟದ ಕಪ್ ಬಂದದ್ದೇ ಅವನಿಂದ. ಇನ್ನೊಬ್ಬ ಹೆಚ್ಚುವರಿ ಆಟಗಾರ, ಇಡೀ ಸೀಸನ್‌ನಲ್ಲಿ ಮ್ಯಾಟ್ ಮೇಲೆ ಇಳಿದದ್ದು ಎರಡೋ ಮೂರೋ ಸಲ. ಇಬ್ಬರೂ ಅದೇ ಅಭ್ಯಾಸಕ್ಕೆ, ಅದೇ ಬಸ್ಸಿನಲ್ಲಿ, ಅದೇ ಪಂದ್ಯಗಳಿಗೆ ಹೋದವರು. ರೈಡರ್‌ನ ಹಾಜರಾತಿ ಒಂದು ವಾರದಲ್ಲಿ ಸರಿಹೋಯಿತು. ಇನ್ನೊಬ್ಬನ ಅರ್ಜಿ 'ತಡವಾಗಿ ಬಂದಿದೆ' ಎಂದು ವಾಪಸ್ ಬಂತು. ಅವನು ಡಿಟೇನ್ ಆದ. ರೈತರ ಮನೆಯ ಹುಡುಗ, ಆ ವಿಷಯ ಮನೆಯಲ್ಲಿ ಹೇಳಲು ಎರಡು ತಿಂಗಳು ತೆಗೆದುಕೊಂಡ. ಈಗ ಜೂನಿಯರ್ ಬ್ಯಾಚಿನ ಜೊತೆ ಲ್ಯಾಬ್ ಮಾಡುತ್ತಾನೆ. ಈ ವರ್ಷ ತಂಡದ ಆಯ್ಕೆಗೆ ಹೆಸರು ಕೊಟ್ಟಿಲ್ಲ. ಕೇಳಿದರೆ, 'ಆಡೋರಿಗೆ ಅಟೆಂಡೆನ್ಸ್, ನಮ್ಗೇನು ಬಿಡೋ' ಎನ್ನುತ್ತಾನೆ.

ನಾವು ಮಿಕ್ಕವರು ಅಂದು ಏನು ಮಾತಾಡಿದೆವು? ಮುಂದಿನ ಟೂರ್ನಿಗೆ ರೈಡರ್ ಉಳಿದನಲ್ಲ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಅಭಿಮಾನಿಗಳ ದೌರ್ಬಲ್ಯ ಇರುವುದು ಇಲ್ಲೇ. ಕ್ಷಮಿಸಬೇಕೋ ಬೇಡವೋ ಎಂದು ನಾವು ವಾದ ಮಾಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಮಾಡುತ್ತಿರುವುದು ಅವನಿಲ್ಲದೆ ಗೆಲ್ಲಬಹುದೋ ಇಲ್ಲವೋ ಎಂಬ ವಾದ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಪ್ರಕರಣ ಹೇಳಬೇಕು. ಇಸ್ರೇಲ್ ಫೊಲಾವ್ ಆಸ್ಟ್ರೇಲಿಯಾದ ದೊಡ್ಡ ಆಟಗಾರ. ಸಲಿಂಗಿಗಳ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಪೋಸ್ಟ್‌ಗಳಿಗಾಗಿ 2019ರಲ್ಲಿ ಅಲ್ಲಿಯ ರಗ್ಬಿ ಯೂನಿಯನ್ ಸಂಸ್ಥೆ ಅವರ ಒಪ್ಪಂದ ರದ್ದು ಮಾಡಿತು. 2020ರ ಜನವರಿಯಲ್ಲಿ ಸೂಪರ್ ಲೀಗ್‌ನಲ್ಲಿ ಆಡುವ ಫ್ರಾನ್ಸಿನ ಕ್ಯಾಟಲನ್ಸ್ ಡ್ರ್ಯಾಗನ್ಸ್ ಅವರನ್ನು ಸೇರಿಸಿಕೊಂಡಿತು. ಮತ್ತೆ ಅಂಥದ್ದು ನಡೆದರೆ ಒಪ್ಪಂದ ಮುಗಿಯಿತು ಎಂಬ ಎಚ್ಚರಿಕೆಯೊಂದಿಗೇ ಸೇರಿಸಿಕೊಂಡರು. ಎದುರಾಳಿ ಕ್ಲಬ್ಬುಗಳ ಅಭಿಮಾನಿಗಳು ಸಿಟ್ಟಾದರು. ವಿಗನ್ ತನ್ನ ಮೈದಾನದಲ್ಲಿ ಕ್ಯಾಟಲನ್ಸ್ ವಿರುದ್ಧದ ಪಂದ್ಯದ ದಿನವನ್ನು ಸಲಿಂಗಿ ಸಮುದಾಯದ ಹೆಮ್ಮೆಯ ದಿನವಾಗಿ ಆಚರಿಸುವುದಾಗಿ ಘೋಷಿಸಿತು. ಹಾರ್ಡೇಕರ್ ಅವರನ್ನು ಬಿಟ್ಟಿಯಾಗಿ ಪಡೆದ ಅದೇ ವಿಗನ್. ಆ ಘೋಷಣೆಗೆ ನನ್ನದು ಚಪ್ಪಾಳೆಯೇ. ಫೊಲಾವ್ ಅವರ ಮಾತುಗಳು ನನಗೆ ಒಪ್ಪಿಗೆಯಿಲ್ಲ, ಆದರೆ ಷರತ್ತನ್ನು ಮೊದಲೇ ಮುಂದಿಟ್ಟು ಸೇರಿಸಿಕೊಳ್ಳುವ ಕ್ರಮ ಒಪ್ಪಿಗೆ. ನಾವೂ ನಾಳೆ ಆಫರ್ ಲೆಟರ್‌ಗೆ ಸಹಿ ಹಾಕುವವರು. ಯಾವುದಕ್ಕೆ ಕೆಲಸ ಹೋಗುತ್ತದೆ ಎಂಬುದು ಸಹಿಗೆ ಮೊದಲೇ ಬರಹದಲ್ಲಿ ಇದ್ದರೆ, ಮುಂದೆ ಮ್ಯಾನೇಜರ್‌ನ ಮುಖ ನೋಡಿ ನಿಯಮ ಬದಲಾಗುವುದಿಲ್ಲ.

ಹಾಗಾದರೆ ಕ್ಯಾಸಲ್‌ಫರ್ಡ್‌ನಂಥ ಕ್ಲಬ್ಬಿಗೆ ಏನು ಮಾಡಬಹುದಿತ್ತು? ನನ್ನದೊಂದು ಸಲಹೆ ಇದೆ. ಶಿಸ್ತಿನ ಕಾರಣಕ್ಕೆ ಒಂದು ಕ್ಲಬ್ಬು ಆಟಗಾರನನ್ನು ತೆಗೆದರೆ, ಅವನ ಒಪ್ಪಂದದಲ್ಲಿ ಎಷ್ಟು ಅವಧಿ ಬಾಕಿ ಇತ್ತೋ ಅಷ್ಟರೊಳಗೆ ಅವನನ್ನು ಸೇರಿಸಿಕೊಳ್ಳುವ ಕ್ಲಬ್ಬು ಹಳೆಯ ಕ್ಲಬ್ಬಿಗೆ ಪರಿಹಾರ ಕೊಡಬೇಕು. ಅವನಿಗೆ ಕೊಡುವ ಸಂಬಳದ ಒಂದು ಪಾಲಿನಷ್ಟು ಸಾಕು. ಆ ಹಣ ಹೊಸ ಕ್ಲಬ್ಬಿನ ಸಂಬಳದ ಮಿತಿಯೊಳಗೇ ಲೆಕ್ಕವಾಗಬೇಕು. ಆಗ ದೊಡ್ಡ ಕ್ಲಬ್ಬು ಎರಡು ಸಲ ಯೋಚಿಸುತ್ತದೆ, ಸಣ್ಣ ಕ್ಲಬ್ಬು ನಿಯಮ ಪಾಲಿಸಲು ಹೆದರುವುದಿಲ್ಲ, ಆಟಗಾರನಿಗೂ ಬಾಗಿಲು ಮುಚ್ಚುವುದಿಲ್ಲ.

ಅಣ್ಣನಿಗೆ ಇದನ್ನು ಹೇಳಿದೆ. ಅವನು ಲೀಡ್ಸ್ ಅಭಿಮಾನಿಯಾಗಿ ಬದಲಾಗಿದ್ದಾನೆ, ಸುಲಭವಾಗಿ ಒಪ್ಪುವವನಲ್ಲ. 'ಹಂಗಾದ್ರೆ ಕ್ಲಬ್ಬಿನೋರು ಬೇಡದ ಆಟಗಾರನ್ನ ಸಣ್ಣ ನೆಪ ಹುಡುಕಿ ತೆಗೆದು ದುಡ್ಡು ಮಾಡ್ಕೋತಾರೆ' ಎಂದ. ಒಳ್ಳೆಯ ಪ್ರಶ್ನೆ. ಅದಕ್ಕೆ, ತೆಗೆದದ್ದು ಸರಿಯೇ ಎಂದು ಕ್ಲಬ್ಬಿನ ಹೊರಗಿನ ಸಮಿತಿ ಒಪ್ಪಿದರೆ ಮಾತ್ರ ಪರಿಹಾರ ಎಂದೆ. ಸಮಿತಿಯಲ್ಲಿ ಯಾರಿರಬೇಕು ಎಂದ. ಆಟಗಾರರ ಸಂಘದಿಂದ ಒಬ್ಬರು, ಲೀಗ್‌ನಿಂದ ಒಬ್ಬರು ಎಂದೆ. ಅಭಿಮಾನಿಗಳಿಂದ? ಅದರ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ನಡೆಯುತ್ತಿದೆ. ಒಬ್ಬರು ಇರಲಿ, ಆದರೆ ಆ ಎರಡೂ ಕ್ಲಬ್ಬಿನವರಾಗಿರಬಾರದು ಎಂಬುದು ಸದ್ಯಕ್ಕೆ ನನ್ನ ಪಟ್ಟು.